ಮೈಸೂರಿನ ಎರಡು ಕೆರೆ, ಒಂದು ಬೆಳಗು: ಕುಕ್ಕರಹಳ್ಳಿ, ಕಾರಂಜಿಗೆ ಹೋಗುವ ಮೊದಲು

ಮೈಸೂರಿಗೆ ಬಂದ ನೆಂಟರು ಅರಮನೆ, ಝೂ, ಬೆಟ್ಟ ಮುಗಿಸಿ ಊರಿಗೆ ಹೊರಡುತ್ತಾರೆ. ಕೆರೆ ನೋಡಿದಿರಾ ಅಂತ ಕೇಳಿದರೆ, "ಹೂಂ, ಕಾರಂಜಿಗೆ ಹೋಗಿದ್ವಿ, ನವಿಲು ನೋಡಿದ್ವಿ, ಬೋಟಿಂಗ್ ಆಯ್ತು" ಅನ್ನುತ್ತಾರೆ. ಎಷ್ಟು ಹೊತ್ತಿಗೆ ಹೋಗಿದ್ದಿರಿ? "ಊಟ ಆದ್ಮೇಲೆ, ಎರಡು ಗಂಟೆಗೆ." ಆಗ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಅಷ್ಟು ದೂರದಿಂದ ಬಂದು, ಟಿಕೆಟ್ ಕೊಟ್ಟು, ಕೆರೆಯ ಬಾಗಿಲವರೆಗೆ ಹೋಗಿ ಕೆರೆಯನ್ನೇ ನೋಡದೆ ವಾಪಸ್ ಬಂದ ಹಾಗಾಯಿತು ಅಲ್ವಾ?

ಕೆರೆಗೆ ಹೋಗುವುದಕ್ಕೆ ದೊಡ್ಡ ತಯಾರಿಯೇನೂ ಬೇಡ. ಎರಡು ವಿಷಯ ಗೊತ್ತಿರಬೇಕು: ಯಾವ ಹೊತ್ತಿಗೆ ಹೋಗಬೇಕು, ಹೋದ ಮೇಲೆ ಎಲ್ಲಿ ನಿಲ್ಲಬೇಕು. ಹೊತ್ತನ್ನು ಹಕ್ಕಿಗಳು ಗೊತ್ತು ಮಾಡುತ್ತವೆ, ನಡುಹಗಲು ಅವನ್ನು ನೋಡಲು ಒಳ್ಳೆ ಹೊತ್ತಲ್ಲ. ನಿಲ್ಲುವ ಜಾಗವನ್ನು ನೀರಿನ ಆಳ ಹೇಳುತ್ತದೆ. ಇವೆರಡನ್ನು ಇಟ್ಟುಕೊಂಡು ಒಂದು ಬೆಳಗಿನಲ್ಲಿ ಎರಡು ಕೆರೆ ನೋಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಮೊದಲು ಕುಕ್ಕರಹಳ್ಳಿ ಕೆರೆ, ಆಮೇಲೆ ತಿಂಡಿ, ಆಮೇಲೆ ಕಾರಂಜಿ. ಈ ಕ್ರಮ ತಿರುಗಿಸಬೇಡಿ. ಕುಕ್ಕರಹಳ್ಳಿ ನಸುಕಿಗೇ ವಾಕಿಂಗಿನವರಿಗೆ ತೆರೆದಿರುತ್ತದೆ. ಕಾರಂಜಿಗೆ ಟಿಕೆಟ್ ಕೌಂಟರ್ ತೆರೆಯಬೇಕು, ಅದು ಬಿಸಿಲು ಏರಿದ ಮೇಲೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಮಂಗಳವಾರ ಬಿಟ್ಟು ಯಾವ ದಿನವಾದರೂ ಸರಿ. ಕಾರಂಜಿ ಕೆರೆ ಮೃಗಾಲಯದ ಆಡಳಿತಕ್ಕೆ ಸೇರಿದ್ದು. ಝೂ ಹಾಗೆ ಇದಕ್ಕೂ ಮಂಗಳವಾರ ರಜೆ. ಈ ಒಂದು ಮಾತು ಗೊತ್ತಿಲ್ಲದೆ ಗೇಟಿನ ಮುಂದೆ ಮಕ್ಕಳನ್ನು ಸಮಾಧಾನ ಮಾಡುತ್ತಾ ನಿಂತ ಎಷ್ಟೋ ಕುಟುಂಬಗಳನ್ನು ನೋಡಿದ್ದೇನೆ. ಭಾನುವಾರ ಮತ್ತು ದಸರಾ ರಜೆಯಲ್ಲಿ ಕಾರಂಜಿ ಜಾತ್ರೆಯ ಹಾಗಿರುತ್ತದೆ. ಆಗದು ಅಂತಲ್ಲ, ಆದರೆ ವಾರದ ನಡುವಿನ ದಿನ ಸಿಕ್ಕಿದರೆ ಅದೇ ಒಳ್ಳೆಯದು.

ಹೊರಡುವ ಹಿಂದಿನ ದಿನ ಸ್ಥಳೀಯ ಸುದ್ದಿ ಒಮ್ಮೆ ನೋಡಿಕೊಳ್ಳಿ. ಹಕ್ಕಿಜ್ವರ ಕಾಣಿಸಿಕೊಂಡರೆ ಇಂಥ ಜಾಗಗಳನ್ನು ಇದ್ದಕ್ಕಿದ್ದಂತೆ ಮುಚ್ಚುತ್ತಾರೆ. 2017ರ ಜನವರಿಯಲ್ಲಿ ಇದೇ ಕಾರಣಕ್ಕೆ ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಮುಚ್ಚಿತ್ತು.

ತಿಂಗಳ ವಿಷಯಕ್ಕೆ ಬಂದರೆ, ನವೆಂಬರಿನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳ ಕಾಲ. ಉತ್ತರದ ಚಳಿ ದೇಶಗಳಿಂದ ಬಾತುಗಳು, ಗೊರವಗಳು, ಬಾಲ ಕುಣಿಸುತ್ತಾ ದಡದಲ್ಲಿ ಓಡಾಡುವ ಕುಂಡೆಕುಸ್ಕಗಳು ಬರುತ್ತವೆ. ಇವು ಬಂದಿರುವಾಗಲೇ ನಮ್ಮ ಊರಿನ ದೊಡ್ಡ ಹಕ್ಕಿಗಳು ಗೂಡಿಗೆ ಕಡ್ಡಿ ಹೊರಲು ಶುರು ಮಾಡುತ್ತವೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಮರಿಗಳನ್ನು ನೋಡಬೇಕು ಅಂದರೆ ಫೆಬ್ರವರಿ, ಮಾರ್ಚ್, ಏಪ್ರಿಲ್. ಎರಡೂ ಸ್ವಲ್ಪ ಸ್ವಲ್ಪ ಸಿಗಲಿ ಅನ್ನುವವರಿಗೆ ನಾನು ಹೇಳುವುದು ಫೆಬ್ರವರಿ. ಬಿಸಿಲೂ ಜಾಸ್ತಿ ಇರುವುದಿಲ್ಲ.

ಮಳೆಗಾಲದಲ್ಲಿ ಹಕ್ಕಿ ಕಡಿಮೆ. ಆದರೆ ಹಸಿರು ನೋಡುವುದಕ್ಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಇನ್ನೊಂದು ಮಾತು. ಪಟ್ಟೆತಲೆ ಹೆಬ್ಬಾತು ನೋಡಬೇಕು, ಹಿಮಾಲಯ ದಾಟಿ ಬರುತ್ತವಂತಲ್ಲ, ಅವು ಇಲ್ಲಿ ಸಿಗುತ್ತವಾ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಬೇಕು, ಅದೂ ಚಳಿಗಾಲದಲ್ಲಿ. ಊರೊಳಗಿನ ಕೆರೆಗಳಲ್ಲಿ ಅವನ್ನು ಹುಡುಕಿ ಬೇಜಾರಾಗಬೇಡಿ.

ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಸ್ಟೀಲ್ ಬಾಟಲಿಯಲ್ಲಿ ನೀರು, ಟೋಪಿ, ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು. ಚಳಿಗಾಲವಾದರೆ ಒಂದು ಶಾಲು. ನಸುಕಿನಲ್ಲಿ ನೀರಿನ ಮೇಲಿಂದ ಬರುವ ಗಾಳಿ ಕಿವಿ ಕೊರೆಯುತ್ತದೆ. ಬಟ್ಟೆ ಮಣ್ಣು ಬಣ್ಣದ್ದೋ, ಎಲೆ ಬಣ್ಣದ್ದೋ ಇರಲಿ. ಪ್ಲಾಸ್ಟಿಕ್ ಕವರು, ಕುರುಕಲು ಪೊಟ್ಟಣ ಮನೆಯಲ್ಲೇ ಬಿಡಿ.

ಬೈನಾಕ್ಯುಲರ್ ಇದ್ದರೆ ತನ್ನಿ. ಹೊಸದಾಗಿ ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಗಾಜು ಅಗಲವಾದಷ್ಟೂ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಂಗಡಿಯವರು 20 ಪಟ್ಟಿನದ್ದು ತೋರಿಸಿ ಆಸೆ ಹುಟ್ಟಿಸುತ್ತಾರೆ. ಬೇಡ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ, ಹಕ್ಕಿ ಒಂದು ಕಡೆ ನಿಲ್ಲುವುದೇ ಇಲ್ಲ.

ಬಳಸುವುದಕ್ಕೂ ಒಂದು ರೂಢಿ ಬೇಕು. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿಯಿರಿ. ಕಣ್ಣು ಅದರ ಮೇಲಿಂದ ಕದಲಬಾರದು. ತಲೆ ಅಲ್ಲಾಡಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಹಕ್ಕಿ ಅಲ್ಲೇ ಇರುತ್ತದೆ. ಮಕ್ಕಳಿಗೆ ಮನೆಯಲ್ಲೇ, ಎದುರು ಮನೆಯ ತೆಂಗಿನಕಾಯಿ ತೋರಿಸಿ ಎರಡು ದಿನ ಅಭ್ಯಾಸ ಮಾಡಿಸಿ.

ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡರೆ ಕೂಗು ಕೇಳಿಸಿ ಹಕ್ಕಿಯ ಹೆಸರು ತಿಳಿಯಬಹುದು. ಅದನ್ನು ಕೇಳಿಸಿಕೊಳ್ಳಲು ಮಾತ್ರ ಬಳಸಿ. ಹಕ್ಕಿಯ ಕೂಗನ್ನು ಫೋನಿನಿಂದ ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವವರನ್ನು ನೋಡಿದ್ದೇನೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತು ಅಂತ ಅದು ಗಾಬರಿಯಾಗಿ ಬರುತ್ತದೆ. ಅಂಥ ಫೋಟೋ ನಮಗೆ ಬೇಡ.

ಕುಕ್ಕರಹಳ್ಳಿ: ಬೆಳಕು ಹರಿಯುವ ಮೊದಲು

ಮೈಸೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿನ ಹತ್ತಿರ, ಮೇ ಕೊನೆಗೆ ಆರು ಗಂಟೆಗೆ. ಅದಕ್ಕಿಂತ ಹದಿನೈದು ನಿಮಿಷ ಮೊದಲು ಕೆರೆಯ ಬಳಿ ಇರಿ. ರೈಲ್ವೆ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಹುಣಸೂರು ರಸ್ತೆಯಲ್ಲಿ ಕಲಾಮಂದಿರದ ಹತ್ತಿರ ಅಂತ ಹೇಳಿದರೆ ಸಾಕು.

ಈ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದರು, ಊರಾಚೆಯ ಹೊಲಗದ್ದೆಗೆ ನೀರು ಹಾಯಿಸಲು. ಆಮೇಲೆ ಊರು ಬೆಳೆದು ಕೆರೆಯನ್ನು ಸುತ್ತುವರಿಯಿತು. ಪಕ್ಕದಲ್ಲಿ ಮಾನಸಗಂಗೋತ್ರಿ ಬಂತು. ಈಗ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಗದ್ದೆಗೆ ಅಂತ ಕಟ್ಟಿದ ಕೆರೆ ಹಕ್ಕಿಗಳ ಮನೆಯಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಎಲ್ಲಿ ನಿಲ್ಲಬೇಕು ಅನ್ನುವುದು ಕೆರೆ ಕಟ್ಟಿದ ರೀತಿಯಲ್ಲೇ ಇದೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಗೆ ಒಂದು ಕಡೆ ಏರಿ, ಅಂದರೆ ನೀರು ತಡೆಯುವ ಕಟ್ಟೆ, ಇರುತ್ತದೆ. ಏರಿಯ ಬುಡದಲ್ಲಿ ನೀರು ಆಳ. ನೀರು ಹೊರಗೆ ಬಿಡುವ ತೂಬು ಇರುವುದೂ ಅಲ್ಲೇ. ಏರಿಗೆ ಎದುರಿನ ಕಡೆಯಿಂದ ನೀರು ಒಳಗೆ ಬರುತ್ತದೆ. ಅಲ್ಲಿ ಹೂಳು ನಿಂತು ನೀರು ಮೊಣಕಾಲುದ್ದ, ಜೊಂಡು, ಆಪು ಬೆಳೆದಿರುತ್ತದೆ. ಆಳದ ಕಡೆ ಮುಳುಗುವ ಹಕ್ಕಿಗಳು: ನೀರುಕಾಗೆ, ಹಾವಕ್ಕಿ, ಗುಳುಮುಳುಕ. ನಡುನೀರಿನಲ್ಲಿ ತೇಲುವವು: ಹೆಜ್ಜಾರ್ಲೆ, ವರಟೆ, ನಾಮಕೋಳಿ. ತೆಳುನೀರಿನ ಕಡೆ ನಡೆಯುವವು: ಬೆಳ್ಳಕ್ಕಿ, ಕೊಕ್ಕರೆ, ಕೆಂಬರಲು, ಗೊರವ. ಜೊಂಡಿನೊಳಗೆ ಜಂಬುಕೋಳಿ, ಹುಂಡುಕೋಳಿ. ಕಾಲು, ಕೊಕ್ಕು ನೋಡಿದರೆ ಯಾವುದು ಎಲ್ಲಿಯದು ಅಂತ ನೀವೇ ಹೇಳಬಹುದು. ಉದ್ದ ಕಾಲಿನದು ಆಳಕ್ಕೆ ಹೋಗದು, ಕಾಲು ನಿಲುಕುವಲ್ಲೇ ಅದರ ಊಟ.

ಹಾಗಾಗಿ ಸುಮ್ನೆ ಸುತ್ತು ಹೊಡೆಯಬೇಡಿ. ಕೆರೆಯ ಸುತ್ತ ದಾರಿ ಹೆಚ್ಚು ಕಡಿಮೆ ಐದು ಕಿಲೋಮೀಟರ್. ಬಿರುಸಾಗಿ ನಡೆಯುವವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನಿಮಗೆ ಅಷ್ಟು ಬೇಡ. ಆಳದ ಕಡೆ ಒಂದು ಜಾಗ, ತೆಳುನೀರಿನ ಕಡೆ ಒಂದು ಜಾಗ, ಒಂದೊಂದರಲ್ಲಿ ಅರ್ಧ ಗಂಟೆ. ವಯಸ್ಸಾದವರನ್ನು ಕರೆದುಕೊಂಡು ಬಂದಿದ್ದರೆ ಒಂದೇ ಜಾಗ ಸಾಕು, ಕಲ್ಲು ಬೆಂಚಿನ ಮೇಲೆ ಕೂರಿಸಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬಣ್ಣ ಕಾಣುತ್ತದೆ. ತಿರುಗಿ ನಿಂತರೆ ಎಲ್ಲವೂ ಬರೀ ಕಪ್ಪು ನೆರಳು.

ಇದನ್ನು ನನಗೆ ಕಲಿಸಿದ್ದು ದಿನಾ ಅಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರು. ನಾನು ಕ್ಯಾಮೆರಾ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದೆ. "ಯಾಕಪ್ಪಾ ಹಂಗೆ ಓಡ್ತೀಯ? ಇಲ್ಲೇ ಹತ್ತು ನಿಮಿಷ ನಿಂತ್ಕೋ, ಅವೇ ಬರ್ತವೆ" ಅಂದರು. ನಿಂತೆ. ಐದಾರು ನಿಮಿಷ ಏನೂ ಇಲ್ಲ. ಆಮೇಲೆ ಹತ್ತು ಮಾರು ದೂರದಲ್ಲಿ ನೀರಿನಿಂದ ಒಂದು ಕತ್ತು ಮೇಲೆದ್ದಿತು. ಬರೀ ಕತ್ತು, ಮೈ ಪೂರ್ತಿ ನೀರೊಳಗೆ. ನಾನು ಹಾವು ಅಂದುಕೊಂಡೆ. "ಹಾವಲ್ಲ, ಹಾವಕ್ಕಿ" ಅಂದರು. ಕತ್ತು ಮುಳುಗಿತು. ಮತ್ತೆ ಎದ್ದಾಗ ಸೂಜಿಯಂಥ ಕೊಕ್ಕಿನ ತುದಿಗೆ ಬೆರಳುದ್ದದ ಮೀನು ಚುಚ್ಚಿಕೊಂಡಿತ್ತು. ಚುಚ್ಚಿಕೊಂಡ ಮೀನನ್ನು ನುಂಗುವುದು ಹೇಗೆ? ಅದು ತಲೆಯನ್ನು ಒಮ್ಮೆ ಪಟ್ಟನೆ ಒದರಿತು, ಮೀನು ಮೇಲಕ್ಕೆ ಹಾರಿತು, ಬೀಳುವಾಗ ತಲೆ ಮುಂದಾಗಿ ಬಾಯೊಳಗೆ ಹೋಯಿತು. ತಲೆ ಮುಂದಾಗಿ ಹೋದರೆ ಈಜುರೆಕ್ಕೆಯ ಮುಳ್ಳು ಮಡಚಿಕೊಳ್ಳುತ್ತದೆ, ಗಂಟಲಿಗೆ ಚುಚ್ಚುವುದಿಲ್ಲ. ಎಲ್ಲ ಮುಗಿದು ಆ ಹಕ್ಕಿ ಒಣ ಕೊಂಬೆ ಹತ್ತಿ ಎರಡೂ ರೆಕ್ಕೆ ಅಗಲಿಸಿ ಕೂತಿತು, ಹಗ್ಗಕ್ಕೆ ಬಟ್ಟೆ ಹರವಿದ ಹಾಗೆ.

ಈ ರೆಕ್ಕೆ ಒಣಗಿಸುವುದನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಬಾತಿನ ಗರಿಗೆ ನೀರು ಅಂಟುವುದಿಲ್ಲ, ಅದಕ್ಕೇ ಬಾತು ತೇಲುತ್ತದೆ. ಹಾವಕ್ಕಿ, ನೀರುಕಾಗೆಗಳ ಗರಿ ನೆನೆಯುತ್ತದೆ. ನೆನೆದರೆ ಮೈ ಭಾರವಾಗಿ ಮುಳುಗುವುದು ಸುಲಭ. ಆದರೆ ಪ್ರತಿ ಸಲ ಬಿಸಿಲಿಗೆ ಕೂತು ಒಣಗಿಸಿಕೊಳ್ಳಬೇಕು. ನಾವು ಹತ್ತಿರ ಹೋಗಿ ಅದನ್ನು ಎಬ್ಬಿಸಿದರೆ ಒದ್ದೆ ರೆಕ್ಕೆಯಲ್ಲೇ ಹಾರಬೇಕಾಗುತ್ತದೆ. ಎಷ್ಟು ದೂರ ನಿಲ್ಲಬೇಕು ಅಂತ ಕೇಳಿದರೆ ನನ್ನ ಲೆಕ್ಕ ಇಷ್ಟೇ: ಹಕ್ಕಿ ತಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕತ್ತು ಎತ್ತಿ ನಿಮ್ಮನ್ನು ನೋಡಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಎರಡು ಹೆಜ್ಜೆ ಹಿಂದೆ ಬನ್ನಿ.

ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ನೀರೊಳ್ಳೆ ಹಾವು ಕಂಡರೆ ಹೆದರುವುದೂ ಬೇಡ, ಅದಕ್ಕೆ ವಿಷ ಇಲ್ಲ. ನೀರಿನಲ್ಲಿ ಮೀನು, ಕಪ್ಪೆ ಹುಡುಕಿಕೊಂಡು ಹೋಗುತ್ತಿರುತ್ತದೆ.

ಎಂಟು ಗಂಟೆ ಹೊತ್ತಿಗೆ ಹೆಜ್ಜಾರ್ಲೆಗಳು ಎದ್ದು ಬಿಸಿಗಾಳಿ ಹಿಡಿದು ಸುತ್ತು ಸುತ್ತಾಗಿ ಮೇಲಕ್ಕೆ ಹೋಗುತ್ತವೆ. ಅಷ್ಟು ದಪ್ಪ ಹಕ್ಕಿ ರೆಕ್ಕೆ ಬಡಿಯದೆ ಏರುವುದನ್ನು ನಿಂತು ನೋಡಿ. ಇವುಗಳಿಗೆ ಒಂದೇ ಕೆರೆ ಅಂತಿಲ್ಲ. ರಂಗನತಿಟ್ಟು, ಊರಿನ ಕೆರೆಗಳು, ಆಚೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಈ ಸೀಮೆಯ ನೀರೆಲ್ಲ ಅವಕ್ಕೆ ಒಂದೇ ಮನೆ. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್‌ಸರ್ ತಾಣವಾಯಿತು, ಅಂದರೆ ಲೋಕದ ಮಟ್ಟದಲ್ಲಿ ಮುಖ್ಯ ಅಂತ ಗುರುತಿಸಿದ ಜೌಗು ನೆಲ, ಎಲ್ಲರಿಗೂ ಖುಷಿಯಾಯಿತು. ಆದರೆ ಅಲ್ಲಿ ಗೂಡು ಕಟ್ಟಿದ ಹಕ್ಕಿಗೆ ಮೀನು ಬೇಕಲ್ಲ, ಅದನ್ನು ಸುತ್ತಮುತ್ತಲ ಕೆರೆಗಳು ಕೊಡಬೇಕು. ಒಂದು ಕೆರೆಗೆ ಚರಂಡಿ ನೀರು ಬಿಟ್ಟರೆ ಅದರ ಪೆಟ್ಟು ಎಲ್ಲೋ ಇರುವ ಗೂಡಿನ ಮರಿಗೆ ಬೀಳುತ್ತದೆ.

ತಿಂಡಿ

ಎಂಟೂವರೆ ಹೊತ್ತಿಗೆ ಹೊರಡಿ. ಕಾರಂಜಿಯ ದಾರಿಯಲ್ಲೇ ನಜರ್‌ಬಾದ್ ಸಿಗುತ್ತದೆ. ಮೈಲಾರಿ ದೋಸೆ ತಿನ್ನುವುದಕ್ಕೆ ಬೇರೆ ದಿನ ಹುಡುಕಬೇಕಿಲ್ಲ. ಹೊಟ್ಟೆ ತುಂಬಿದ್ದರೆ ಒಳಗೆ ಮಕ್ಕಳು ಕುರುಕಲು ಕೇಳುವುದಿಲ್ಲ, ಇದೂ ಒಂದು ಅನುಕೂಲ.

ಕಾರಂಜಿ: ನವಿಲಿನ ಆಚೆಗೆ

ಚಾಮುಂಡಿ ಬೆಟ್ಟದ ಬುಡದಲ್ಲಿ, ಝೂ ಪಕ್ಕದಲ್ಲಿ ಈ ಕೆರೆ ಇದೆ. ಕೆರೆಯಂಗಳವೂ ಸೇರಿ ಒಟ್ಟು ಸುಮಾರು 90 ಹೆಕ್ಟೇರ್. ಬೆಟ್ಟದ ಮೇಲೆ ಬಿದ್ದ ಮಳೆ ಇಳಿದು ಬಂದು ಸೇರುವುದು ಇಲ್ಲಿಗೇ. ಒಳಗೆ ಹೋದ ಕೂಡಲೇ ಜನ ಎಲ್ಲ ಪಕ್ಷಿಧಾಮದ ಬಲೆಮನೆಯ ಕಡೆ ನಡೆಯುತ್ತಾರೆ. 20 ಮೀಟರ್ ಎತ್ತರದ ಬಲೆಯೊಳಗೆ ನಾವೇ ನಡೆದು ಹೋಗಿ ನವಿಲುಗಳನ್ನು ಹತ್ತಿರದಿಂದ ನೋಡಬಹುದು. ಮಕ್ಕಳಿಗೆ ಖಂಡಿತ ತೋರಿಸಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಬಲೆಯೊಳಗಿನವು ಸಾಕಿದ ಹಕ್ಕಿಗಳು. ತಾವಾಗೇ ಬಂದು, ತಾವೇ ಜಾಗ ಆರಿಸಿ ಗೂಡು ಕಟ್ಟಿದ ಹಕ್ಕಿಗಳು ಅಲ್ಲಿಂದ ಮುಂದೆ, ನಡುಗಡ್ಡೆಯ ಮರಗಳ ಮೇಲಿವೆ. ಬಲೆಮನೆಯಿಂದ ಹೊರಬಂದು ದಡದ ದಾರಿ ಹಿಡಿದು ವೀಕ್ಷಣಾ ಗೋಪುರದವರೆಗೆ ನಡೆಯಿರಿ.

ನಡುಹಗಲು ಹಕ್ಕಿ ನೋಡಲು ಒಳ್ಳೆ ಹೊತ್ತಲ್ಲ ಅಂತ ಹೇಳಿದೆ. ಗೂಡಿನ ಕಾಲಕ್ಕೆ ಮಾತ್ರ ಈ ಮಾತು ಬೇರೆ. ಮಾರ್ಚಿನ ಬಿಸಿಲಿನಲ್ಲಿ ಬಣ್ಣದ ಕೊಕ್ಕರೆಯ ಗೂಡು ನೋಡಿ. ಮರದ ತುದಿ, ನೆರಳಿಲ್ಲ. ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಅಗಲಿಸಿ ಕೊಡೆಯ ಹಾಗೆ ನಿಂತಿರುತ್ತದೆ. ಸೂರ್ಯ ಸರಿದಂತೆ ಅದೂ ಸರಿಯುತ್ತದೆ. ಜೋಡಿಯ ಇನ್ನೊಂದು ಹಕ್ಕಿ ಕೆರೆಗೆ ಇಳಿದು ಗಂಟಲಲ್ಲಿ ನೀರು ತುಂಬಿಕೊಂಡು ಬಂದು ಮರಿಗಳ ಮೇಲೆ ಸುರಿಯುತ್ತದೆ. ನಾನು ಇದನ್ನು ಮೊದಲ ಸಲ ನೋಡಿದ ದಿನ ಜೊತೆಯಲ್ಲಿ ನನ್ನ ಅತ್ತೆ ಇದ್ದರು. ಅವರು ಗೋಪುರದಿಂದ ಇಳಿಯುವುದಕ್ಕೇ ಒಪ್ಪಲಿಲ್ಲ.

ಇಂಥ ಹೊತ್ತಿನಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದರೆ, ಹಕ್ಕಿ ಎದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಕೂಗಿದರೆ ಏನಾಗುತ್ತದೆ ಯೋಚಿಸಿ. ಕೊಡೆ ಹೋಯಿತು. ಬಿಸಿಲು ನೇರ ಮರಿಯ ಬರಿಮೈ ಮೇಲೆ. ಕಾಗೆ, ಹದ್ದುಗಳು ಕಾಯುತ್ತಲೇ ಇರುತ್ತವೆ. ನಿಮ್ಮ ಪಕ್ಕದಲ್ಲಿ ಹಾಗೆ ಮಾಡುವವರಿದ್ದರೆ ಬೈಯಬೇಡಿ. ಕರೆದು ಬೈನಾಕ್ಯುಲರ್ ಕೊಟ್ಟು ಮರಿ ತೋರಿಸಿ. ಹಾಗೆ ತೋರಿಸಿದ ಮೇಲೆ ಮತ್ತೆ ಚಪ್ಪಾಳೆ ತಟ್ಟಿದವರನ್ನು ನಾನು ನೋಡಿಲ್ಲ.

ಮೀನಿಗೆ, ಬಾತಿಗೆ ಬ್ರೆಡ್ಡು, ಕಡಲೆಪುರಿ ಹಾಕುವುದೂ ಬೇಡ. ತಿನ್ನದೆ ಉಳಿದದ್ದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗಿ ಮೀನಿಗೆ ಉಸಿರಿಲ್ಲದ ಹಾಗಾಗುತ್ತದೆ. ಪುಣ್ಯ ಅಂತ ಹಾಕಿದ್ದು ಅವಕ್ಕೇ ತೊಂದರೆ.

ಬೋಟಿಂಗ್ ಬೇಕಿದ್ದರೆ ಕೊನೆಗೆ ಇಟ್ಟುಕೊಳ್ಳಿ, ಮೊದಲಿಗಲ್ಲ. ಚಿಟ್ಟೆ ಉದ್ಯಾನ ಬಿಸಿಲಿದ್ದಾಗಲೇ ಚೆನ್ನ. ಚಿಟ್ಟೆಗೆ ರೆಕ್ಕೆ ಬಿಸಿಯಾಗದೆ ಹಾರಲು ಆಗುವುದಿಲ್ಲ. ಹನ್ನೊಂದೂವರೆ, ಹನ್ನೆರಡಕ್ಕೆ ಹೊರಬಂದರೆ ಊಟದ ಹೊತ್ತು.

ನೋಡಿದ್ದನ್ನು ಬರೆದಿಡಿ

ಅದಕ್ಕೇ ನೋಟ್‌ಬುಕ್ಕು ತನ್ನಿ ಅಂದದ್ದು. ದಿನ, ಹೊತ್ತು, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕು, ಕಾಲಿನ ಬಣ್ಣ ಬರೆದರೂ ಆಯಿತು. ಮನೆಗೆ ಬಂದು ಇ-ಬರ್ಡ್ ಅನ್ನುವ ತಾಣದಲ್ಲಿ ಹಾಕಿದರೆ ನಿಮ್ಮ ಲೆಕ್ಕ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಕೊಂಡು ಬಂದಿದೆ. ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ಲೋಕದಾದ್ಯಂತ ಜನ ತಮ್ಮ ಹಿತ್ತಲಿನ ಹಕ್ಕಿ ಎಣಿಸುತ್ತಾರೆ. ಆ ದಿನಗಳಿಗೆ ಹೊಂದಿಸಿಕೊಂಡು ಬಂದರೆ ಕೆರೆಯ ಬಳಿ ಹಕ್ಕಿ ಬಲ್ಲವರು ಸಿಗುತ್ತಾರೆ. ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. ಒಂದು ಕೆರೆ ಕೆಟ್ಟಿದೆ ಅಂತ ನಾಳೆ ಯಾರಾದರೂ ವಾದ ಮಾಡಬೇಕಾದಾಗ ಇಂಥ ಲೆಕ್ಕವೇ ಕೈಗೆ ಬರುವುದು.

ಎಷ್ಟು ಹೇಳಿದರೂ ಬೆಳಿಗ್ಗೆ ಏಳಲು ಆಗುವುದೇ ಇಲ್ಲ ಅನ್ನುವವರು ಸಂಜೆ ಐದಕ್ಕೆ ಕುಕ್ಕರಹಳ್ಳಿಗೆ ಬನ್ನಿ. ಕತ್ತಲಾಗುವ ಮೊದಲು ಬೆಳ್ಳಕ್ಕಿ, ನೀರುಕಾಗೆಗಳು ಸಾಲು ಸಾಲಾಗಿ ಮರಕ್ಕೆ ಮರಳುತ್ತವೆ. ಅವು ಬಂದು ಕೂರುತ್ತಿದ್ದ ಹಾಗೆ ರಾತ್ರಿ ಬಕಗಳು ಎದ್ದು ಹೊರಡುತ್ತವೆ, ಪಾಳಿ ಬದಲಾಯಿಸಿದ ಹಾಗೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಸೊಳ್ಳೆ ಕಾಟ ಇರುತ್ತದೆ.

ಮಂಗಳವಾರವೇ ಬಂದುಬಿಟ್ಟಿದ್ದೀರಾ? ಹಾಗಾದರೆ ಕುಕ್ಕರಹಳ್ಳಿ ಮುಗಿಸಿ ಆಟೋದವರಿಗೆ ಲಿಂಗಾಂಬುಧಿ ಕೆರೆ ಅನ್ನಿ. 1828ರಲ್ಲಿ ಕಟ್ಟಿಸಿದ ಕೆರೆ, ಕುಕ್ಕರಹಳ್ಳಿಗಿಂತ ಹಳೆಯದು. ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಬಲೆಮನೆ, ಬೋಟು ಏನೂ ಇಲ್ಲ. ಏರಿ ಎಲ್ಲಿದೆ, ತೆಳುನೀರು ಎಲ್ಲಿದೆ ಅಂತ ಮೊದಲು ಒಮ್ಮೆ ಕಣ್ಣಾಡಿಸಿ, ಆಮೇಲೆ ನಿಮ್ಮ ಜಾಗ ಆರಿಸಿಕೊಳ್ಳಿ.